ಸೊಸೆಗೆ ಕೇಳಲೆಂದು ಮಗಳಿಗೆ

ನಮ್ಮ ನ್ಯಾಮತಿ ಕಡೆ ಮೆಕ್ಕೆಜೋಳ ತೆನೆ ಕಟ್ಟಿದರೆ ಸಾಕು, ಬೀಜದ ಕಂಪನಿಗಳ ಕ್ಷೇತ್ರೋತ್ಸವ ಶುರು. ಶಾಮಿಯಾನ, ಮೈಕು, ಮಧ್ಯಾಹ್ನಕ್ಕೆ ಊಟ. ಹೊಲ ಮಾತ್ರ ರಸ್ತೆ ಬದಿಯದ್ದೇ ಆಗಬೇಕು. ಕಂಪನಿಯ ಹುಡುಗ ಒಂದು ತೆನೆ ಮುರಿದು, ಸಿಪ್ಪೆ ಅರ್ಧಕ್ಕೆ ಸುಲಿದು, ಕಾಳಿನ ಸಾಲು ಎಣಿಸುತ್ತಾನೆ. ತುದಿವರೆಗೂ ತುಂಬಿದೆ ನೋಡಿ ಅಂತ ಹೆಬ್ಬೆರಳಲ್ಲಿ ಒತ್ತಿ ತೋರಿಸುತ್ತಾನೆ. ಆಮೇಲೆ ಮೈಕು ಹೊಲದ ಯಜಮಾನನ ಕೈಗೆ. ‘ನಮ್ದೇನೈತ್ರಿ, ಎಲ್ಲ ಬೀಜದ್ದು’ ಎಂದು ಆತ ನಾಚಿಕೊಂಡು ನಾಲ್ಕು ಮಾತಾಡಿದರೆ, ಹುಡುಗನ ಅಷ್ಟುದ್ದದ ಭಾಷಣ ಸಪ್ಪೆ.

ಆ ನಾಲ್ಕು ಮಾತು ಕುರ್ಚಿಯಲ್ಲಿ ಕೂತವರಿಗಲ್ಲ. ಬೈಕು ನಿಲ್ಲಿಸಿ, ಇಳಿಯದೆ, ರಸ್ತೆಯಿಂದಲೇ ಕಿವಿಗೊಟ್ಟವನಿಗೆ. ಸೊಸೆಗೆ ನಾಟಲೆಂದು ಅತ್ತೆ ಮಗಳನ್ನು ಗದರುವ ಹಾಗೆ.

ಒಪ್ಪಿಸುವುದಕ್ಕೆ ಮೂರು ದಾರಿ ಎಂದ ಗ್ರೀಕರ ಅರಿಸ್ಟಾಟಲ್: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ. ಪಕ್ಕದವನ ಕಿವಿಗೆ ಬೀಳಿಸುವುದನ್ನು ನಾನು ನಾಲ್ಕನೆಯದಾಗಿ ಸೇರಿಸುತ್ತೇನೆ.

ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಆಗ ನ್ಯಾಮತಿಯೂ ಶಿವಮೊಗ್ಗ ಜಿಲ್ಲೆಯದ್ದೇ. ಸದನದಲ್ಲಿ ಕೂತ ಬಹುಪಾಲು ಮಂದಿಗೆ ಆ ಭಾಷೆ ತಿಳಿಯದು. ತಿಳಿದದ್ದು ಇತ್ತ ಊರಲ್ಲಿದ್ದವರಿಗೆ: ನಮ್ಮ ಮಾತಿಗೂ ದಿಲ್ಲಿಯಲ್ಲಿ ಜಾಗವಿದೆ ಅಂತ. ಪಟೇಲರಿಗೆ ಕೇಳುಗರು ಎಲ್ಲಿದ್ದಾರೆಂದು ಗೊತ್ತಿತ್ತು.

ಈಗಿನ ಚುನಾವಣಾ ಸಭೆಯಲ್ಲಿ ‘ನಾನು ನಿಮ್ಮ ಮನೆಮಗ’ ಎಂಬ ಕೂಗು ಕೂಡ ಟ್ರ್ಯಾಕ್ಟರ್ ಹತ್ತಿ ಬಂದವರಿಗಲ್ಲ. ಅವರ ಓಟು ಹೇಗೂ ಗಟ್ಟಿ. ಅದು ಚಹಾದಂಗಡಿ ಮುಂದೆ ಕೈಕಟ್ಟಿ ನಿಂತವನಿಗೆ. ಮತದಾನ ಮುಗಿಯುವ 48 ಗಂಟೆ ಮೊದಲು ಕಾನೂನು ಮೈಕು ಬಂದ್ ಮಾಡಿಸುತ್ತದೆ. ‘ಈ ಸಲ ಗಾಳಿ ಅತ್ಲಾಗೆ ಐತಂತೆ’ ಎಂಬ ಪಿಸುಮಾತಿಗೆ ಯಾವ ಕಾನೂನು?

ಎದುರು ಕೂರಿಸಿ ಹೇಳಿದರೆ ಎಂಥವನೂ ಎರಡು ಪ್ರಶ್ನೆ ಕೇಳುತ್ತಾನೆ. ತಾನಾಗಿ ಕಿವಿಗೆ ಬಿದ್ದದ್ದನ್ನು ಮಾತ್ರ ತಾನೇ ಕಂಡುಹಿಡಿದೆ ಅಂದುಕೊಂಡು ಮನೆಗೆ ಒಯ್ಯುತ್ತಾನೆ. ಅದಕ್ಕೇ ಕ್ಷೇತ್ರೋತ್ಸವಕ್ಕೆ ಹೋದವರು ಬೈಕಿಂದ ಇಳಿದು, ಮುಂದಿನ ಕುರ್ಚಿಯಲ್ಲೇ ಕೂತು ಕೇಳಿಬಿಡುವುದು ಒಳ್ಳೆಯದು: ಮಳೆ ಕೈಕೊಟ್ಟ ವರ್ಷ ಇದೇ ಬೀಜ ಎಕರೆಗೆ ಎಷ್ಟು ಕ್ವಿಂಟಲ್ ಕೊಟ್ಟಿತ್ರಿ?