ಎಪ್ಸಮ್ ಬಯಲಿನಲ್ಲಿ ಒಂದು ಬೆಳಗು

ನನ್ನ ತಮ್ಮನು ಕುದುರೆಜೂಜಿನಲ್ಲಿ ಪಿತ್ರಾರ್ಜಿತವಾದ ಗದ್ದೆಯನ್ನು ಕಳೆದಂದಿನಿಂದ ಅವನೊಡನೆ ನನಗೆ ಮಾತಿಲ್ಲ; ಕುದುರೆಯನ್ನು ಕಂಡರೂ ಜುಗುಪ್ಸೆ. ಆದುದರಿಂದ ಲಂಡನ್ನಿನ ದಕ್ಷಿಣಕ್ಕಿರುವ ಎಪ್ಸಮ್ ಬಯಲಿಗೆ ಮಗನು ಕರೆದೊಯ್ದಾಗ ಅರೆಮನಸ್ಸಿನಿಂದಲೇ ಹೊರಟೆನು.

1780ರಲ್ಲಿ ಮೊದಲಾದ ಡರ್ಬಿ ಪಂದ್ಯದ ಭೂಮಿಯಿದು. ಪಂದ್ಯವಿಲ್ಲದ ಆ ಬೆಳಗಿನಲ್ಲಿ ಜನಸಂದಣಿಯಿರಲಿಲ್ಲ. ಅಭ್ಯಾಸದ ಕುದುರೆಗಳು ಮಾತ್ರ ಓಡುತ್ತಿದ್ದುವು. ಒಂದೂವರೆ ಮೈಲಿಯ ದಾರಿಯು ಮೊದಲು ದಿಣ್ಣೆಯನ್ನೇರಿ, ಅನಂತರ ಟ್ಯಾಟನ್‌ಹ್ಯಾಮ್ ತಿರುವಿಗೆ ಇಳಿಯುತ್ತದೆ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಎಮಿಲಿ ಡೇವಿಸನ್ 1913ರಲ್ಲಿ ಇಲ್ಲಿಯೇ ಓಟದ ನಡುವೆ ನುಗ್ಗಿ, ಐದನೆಯ ಜಾರ್ಜ್ ದೊರೆಯ ಆನ್ಮರ್ ಎಂಬ ಕುದುರೆಯ ಕಾಲಿಗೆ ಸಿಕ್ಕಿ, ನಾಲ್ಕು ದಿನಗಳ ಮೇಲೆ ತೀರಿಕೊಂಡಳು. ಬಿದ್ದ ಕುದುರೆಯು ಎದ್ದು, ಸವಾರನಿಲ್ಲದೆಯೇ ಓಟವನ್ನು ಮುಗಿಸಿತಂತೆ. ಅದಕ್ಕೆ ದೊರೆ ಯಾರೆಂಬುದು ತಿಳಿಯದು, ಹಕ್ಕೇನೆಂಬುದು ತಿಳಿಯದು, ಪಣವೂ ತಿಳಿಯದು. ಇಂತಹ ಪ್ರಾಣಿಯ ಮೇಲೆ ನನ್ನ ಮುನಿಸೇ!

ನಳನೂ ಜೂಜಿನಲ್ಲಿ ರಾಜ್ಯವನ್ನು ಸೋತವನೇ. ಅವನನ್ನು ದಮಯಂತಿಯಿದ್ದ ಊರಿಗೆ ಮುಟ್ಟಿಸಿದುದು ಅಶ್ವವಿದ್ಯೆ. ಮೂವತ್ತು ವರ್ಷ ಈ ಕಥೆಯನ್ನು ಕನಿಕರದಿಂದ ಪಾಠ ಹೇಳಿದ ನಾನು, ಒಡಹುಟ್ಟಿದವನಿಗೆ ಆ ಕನಿಕರದಲ್ಲಿ ಒಂದು ಹನಿಯನ್ನೂ ಕೊಟ್ಟಿರಲಿಲ್ಲ.

ಆ ರಾತ್ರಿಯೇ ಅವನಿಗೆ ಕಾಗದ ಬರೆದೆನು.