ಊದಿದ ಕೈಗೆ ಮತ್ತೆ ಕೆಲಸ

ಕೈ ಊದುತ್ತಿದೆ ಎಂಬ ಸುದ್ದಿ ವೈದ್ಯರಿಗಿಂತ ಮೊದಲು ಬಳೆಗೆ ತಿಳಿಯುತ್ತದೆ. ನಿನ್ನೆಯವರೆಗೆ ಸಲೀಸಾಗಿ ಜಾರುತ್ತಿದ್ದ ಬಳೆ ಮಣಿಕಟ್ಟಿನಲ್ಲಿ ಗುರುತು ಉಳಿಸುತ್ತದೆ. ರವಿಕೆಯ ಒಂದು ತೋಳು ಮಾತ್ರ ಬಿಗಿಯಾಗುತ್ತದೆ. ಉಂಗುರ ತೆಗೆಯಲು ಸೋಪಿನ ನೊರೆ ಬೇಕಾಗುತ್ತದೆ.

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಡಂ ಇದನ್ನು ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಬಳೆ ತೆಗೆದಿಟ್ಟರು, ರವಿಕೆಯ ಹೊಲಿಗೆ ಬಿಚ್ಚಿಸಿಕೊಂಡರು. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ವಿಕಿರಣ ಚಿಕಿತ್ಸೆಯೂ ಮುಗಿದು ಒಂದೂವರೆ ವರ್ಷವಾಗಿತ್ತು. ಮನೆಯವರು ಈಗಷ್ಟೇ ನೆಮ್ಮದಿಯ ಉಸಿರು ಬಿಟ್ಟಿದ್ದಾರೆ, ಮಗಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಿದೆ, ಈ ಹೊತ್ತಿನಲ್ಲಿ ಮತ್ತೊಂದು ರಗಳೆ ಯಾಕೆ ಎಂಬುದು ಅವರ ಲೆಕ್ಕ. ತಾಯಂದಿರ ಲೆಕ್ಕ ಹೆಚ್ಚಾಗಿ ಹೀಗೇ ಇರುತ್ತದೆ. ಅದು ತಪ್ಪುವುದೂ ಇಲ್ಲಿಯೇ. ಈ ಊತಕ್ಕೆ ಎಷ್ಟು ಬೇಗ ಚಿಕಿತ್ಸೆ ಸಿಕ್ಕರೆ ಅಷ್ಟು ಒಳ್ಳೆಯದು. ತಡವಾದಂತೆ ಮೆತ್ತಗಿದ್ದ ಊತ ಗಟ್ಟಿಯಾಗುತ್ತ ಹೋಗುತ್ತದೆ.

ಊತ ಬಂದದ್ದೇಕೆ? ಅಡಿಕೆ ತೋಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ತೋಟಕ್ಕೆ ನೀರು ಬಂದರೆ ಸಾಲದು, ಹೆಚ್ಚಾದದ್ದು ಹರಿದುಹೋಗಲು ಬಸಿಗಾಲುವೆ ಬೇಕು. ರಕ್ತನಾಳಗಳಿಂದ ಅಂಗಾಂಶಗಳಿಗೆ ಜಿನುಗಿದ ದ್ರವದಲ್ಲಿ ಒಂದು ಪಾಲನ್ನು ಮರಳಿ ರಕ್ತಕ್ಕೆ ಸೇರಿಸುವ ಬಸಿಗಾಲುವೆಗಳೇ ದುಗ್ಧನಾಳಗಳು. ತೋಳಿನ ಕಾಲುವೆಗಳಲ್ಲಿ ಹೆಚ್ಚಿನವು ಕಂಕುಳಿನ ದುಗ್ಧಗ್ರಂಥಿಗಳ ಮೂಲಕ ಹಾಯುತ್ತವೆ. ಸ್ತನದ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಕಾಲಿಡುವುದೂ ಇದೇ ಗ್ರಂಥಿಗಳಿಗೆ. ಆದ್ದರಿಂದ ಅವನ್ನು ತೆಗೆಯಬೇಕಾಗುತ್ತದೆ, ಇಲ್ಲವೇ ವಿಕಿರಣಕ್ಕೆ ಒಡ್ಡಬೇಕಾಗುತ್ತದೆ. ಜೀವ ಉಳಿಯುತ್ತದೆ, ಕಾಲುವೆ ಕಿರಿದಾಗುತ್ತದೆ. ಕರಾವಳಿಯ ಜನ ಬಲ್ಲ ಆನೆಕಾಲು ರೋಗದಲ್ಲಿ ಸೊಳ್ಳೆಯಿಂದ ಬಂದ ಹುಳು ಮಾಡುವ ಕೆಲಸವನ್ನು ಇಲ್ಲಿ ಚಿಕಿತ್ಸೆಯೇ ಮಾಡಿಬಿಡುತ್ತದೆ. ಅಮೆರಿಕದ ಹೆಸರಾಂತ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1921ರಲ್ಲಿ ಇದರ ಬಗ್ಗೆ ಬರೆದಾಗ, ಶಸ್ತ್ರಚಿಕಿತ್ಸೆಯಿಂದ ಬಂದ ಆನೆಕಾಲು ಎಂಬ ಅರ್ಥದ ಹೆಸರನ್ನೇ ಕೊಟ್ಟಿದ್ದ.

ಎಲ್ಲರಿಗೂ ಹೀಗಾಗುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಸ್ತನ ಕ್ಯಾನ್ಸರಿನಿಂದ ಪಾರಾದ ಸುಮಾರು 5 ಮಂದಿಯಲ್ಲಿ ಒಬ್ಬರಿಗೆ ತೋಳು ಊದುತ್ತದೆ. ಕಂಕುಳಿನ ಕೆಲವೇ ಗ್ರಂಥಿಗಳನ್ನು ಆರಿಸಿ ತೆಗೆದವರಲ್ಲಿ ಈ ಪ್ರಮಾಣ ಬಹಳ ಕಡಿಮೆ.

ಮೇಡಂ ಕೈಯ ಗುಟ್ಟು ಬಯಲಾದದ್ದು ತರಗತಿಯಲ್ಲಿ. ಕೈ ಭಾರವಾಗಿ ಮೇಲೆತ್ತಲಾಗದೆ, ಕಪ್ಪು ಹಲಗೆಯ ಮೇಲಿನರ್ಧ ಖಾಲಿ ಬಿಟ್ಟು ಬರೆಯತೊಡಗಿದರು. ಹಿಂದಿನ ಬೆಂಚಿನ ಹುಡುಗರು "ಕಾಣಲ್ಲ ಮೇಡಂ" ಎಂದರು. ಸಹೋದ್ಯೋಗಿಯೊಬ್ಬರು ವಿಷಯವನ್ನು ಮನೆಗೆ ಮುಟ್ಟಿಸಿದರು. ಆಮೇಲೆ ಔಷಧಿಗಳ ಸುರಿಮಳೆ. ಅತ್ತೆ ಬಿಸಿ ಶಾಖ ಕೊಡಲು ಹೊರಟರು, ನೆರೆಯವರು ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಬೇಕೆಂದರು. ಇಂಥ ತೋಳಿಗೆ ಇವೆರಡೂ ಒಳ್ಳೆಯದಲ್ಲ. ಯಜಮಾನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಂಡತಿಯ ಕೈಯಿಂದ ಕೊಡ, ಲಟ್ಟಣಿಗೆ, ಪೊರಕೆ ಎಲ್ಲವನ್ನೂ ಕಸಿದುಕೊಂಡರು. ಪ್ರೀತಿಯಿಂದಲೇ, ಸಂಶಯವಿಲ್ಲ. ಆದರೆ ಇಪ್ಪತ್ತು ವರ್ಷ ಬಾಳಿದ ಮನೆಯಲ್ಲಿ ಮೇಡಂ ನೆಂಟರಂತೆ ಕೂರಬೇಕಾಯಿತು. ಕಾಯಿಲೆ ಅಷ್ಟೊಂದು ನೋಯಿಸಿರಲಿಲ್ಲ, ಈ ಕೂರುವಿಕೆ ನೋಯಿಸಿತು.

ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ವೈದ್ಯರು ಕ್ಯಾನ್ಸರ್ ಮರುಕಳಿಸಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಎಂದು ಖಚಿತಪಡಿಸಿಕೊಂಡು ಅವರನ್ನು ಆಕ್ಯುಪೇಷನಲ್ ಥೆರಪಿ ವಿಭಾಗಕ್ಕೆ ಕಳಿಸಿದರು. ಫಿಸಿಯೋಥೆರಪಿಯ ಹೆಸರು ಬಲ್ಲವರಿಗೂ ಇದರ ಪರಿಚಯ ಕಡಿಮೆ. ದಿನನಿತ್ಯದ ಕೆಲಸಗಳಿಗೆ ರೋಗಿಯನ್ನು ಮರಳಿ ಅಣಿಗೊಳಿಸುವುದೇ ಈ ಶಾಸ್ತ್ರದ ಗುರಿ. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದನ್ನು ಕಲಿಸುವ ಶಾಲೆ ತೆರೆದರು. ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಪಿಯುಸಿ ನಂತರ ವೈದ್ಯಕೀಯ ಸೀಟು ಸಿಗದಿದ್ದರೆ ಬಾಳೇ ಮುಗಿಯಿತು ಎನ್ನುವ ಮಕ್ಕಳೂ ತಂದೆ ತಾಯಿಯರೂ ಒಮ್ಮೆ ಇತ್ತ ನೋಡಬಹುದು.

ಅಲ್ಲಿದ್ದ ಚಿಕ್ಕ ವಯಸ್ಸಿನ ಥೆರಪಿಸ್ಟ್ ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಬೆಳಗ್ಗೆ ಎದ್ದಾಗಿನಿಂದ ಈ ಕೈಯಲ್ಲಿ ಏನೇನು ಮಾಡ್ತಿದ್ರಿ ಮೇಡಂ? ಒಂದೊಂದೇ ಹೇಳ್ತಾ ಹೋಗಿ." ರೊಟ್ಟಿ ತಟ್ಟುವುದು, ಮಗಳಿಗೆ ಜಡೆ ಹೆಣೆಯುವುದು, ಬಟ್ಟೆ ಒಣಗಿಸುವುದು, ಹಲಗೆಯ ಮೇಲೆ ಬರೆಯುವುದು, ಉತ್ತರಪತ್ರಿಕೆಯ ಕಟ್ಟು ಹೊರುವುದು. ಪಟ್ಟಿ ಬೆಳೆಯಿತು. ಹೇಳುತ್ತ ಹೇಳುತ್ತ ಮೇಡಂ ಕಣ್ಣು ಒರೆಸಿಕೊಂಡರು.

ಟೇಪು ಹಿಡಿದು ಎರಡೂ ತೋಳುಗಳನ್ನು ಅಳೆದದ್ದಾಯಿತು. ನಂತರ ಮೂರು ವಾರ ಚಿಕಿತ್ಸೆ. ಮೊದಲು ಚರ್ಮದ ಆರೈಕೆ, ಬಳಿಕ ಚರ್ಮವನ್ನು ಹಗುರವಾಗಿ ಸರಿಸುವಂಥ ಮಸಾಜು. ಡೆನ್ಮಾರ್ಕಿನ ವೊಡ್ಡರ್ ದಂಪತಿ 1930ರ ದಶಕದಲ್ಲಿ ಫ್ರಾನ್ಸಿನಲ್ಲಿದ್ದಾಗ ರೂಪಿಸಿದ ವಿಧಾನವಿದು. ಒತ್ತಡ ಎಷ್ಟು ಕಡಿಮೆಯೆಂದರೆ, ಇದೇನು ಚಿಕಿತ್ಸೆ ಎಂದು ನೋಡುವವರಿಗೆ ನಗು ಬರಬೇಕು. ಆಮೇಲೆ ಬೆರಳಿನಿಂದ ಕಂಕುಳಿನವರೆಗೆ ಪದರ ಪದರವಾಗಿ ಬ್ಯಾಂಡೇಜು. ಕೈಯ ತುದಿಯಲ್ಲಿ ಒತ್ತಡ ಹೆಚ್ಚು, ಮೇಲೆ ಹೋದಂತೆ ಕಡಿಮೆ. ತಿರುವುಮುರುವಾದರೆ ದ್ರವ ಬೆರಳಿಗೇ ಇಳಿಯುತ್ತದೆ. ದುಗ್ಧರಸವನ್ನು ಸಾಗಿಸಲು ಹೃದಯದಂಥ ಪಂಪಿಲ್ಲ. ನಾಳಗಳ ಸ್ವಂತ ಮಿಡಿತದ ಜೊತೆಗೆ ಸ್ನಾಯುಗಳೂ ಅದನ್ನು ಹಿಂಡಿ ಮುಂದೂಡಬೇಕು. ಬ್ಯಾಂಡೇಜು ಕಟ್ಟಿದ ಕೈಯನ್ನು ಆಡಿಸಿದಾಗ ಈ ಹಿಂಡುವಿಕೆಗೆ ಬಲ ಬರುತ್ತದೆ. ಹಾಗಾದರೆ ಕೈಯನ್ನು ಮಡಿಲಲ್ಲಿಟ್ಟು ಕೂರಿಸುವ ಉಪಚಾರಕ್ಕೆ ಏನರ್ಥ?

ಭಾರ ಎತ್ತಲೇಬಾರದು ಎಂಬ ಮಾತನ್ನು ವೈದ್ಯರೂ ಬಹುಕಾಲ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು, ತೋಳು ಊದಿದ್ದ 141 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿದರು. ಮೇಲ್ವಿಚಾರಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸುತ್ತ ಹೋದವರಿಗೆ ಊತ ಹೆಚ್ಚಲಿಲ್ಲ; ಅದು ಕೆರಳುವ ಪ್ರಸಂಗಗಳೂ ಅವರಲ್ಲಿ ಕಡಿಮೆಯಾದವು. ಹಾಗೆಂದು ಮೊದಲ ದಿನವೇ ತುಂಬಿದ ಕೊಡ ಎತ್ತುವುದಲ್ಲ. ಅಭ್ಯಾಸ ನಿಧಾನವಾಗಿ, ತಿಳಿದವರ ಕಣ್ಣೆದುರು ಆಗಬೇಕು.

ಥೆರಪಿಸ್ಟ್ ಯಜಮಾನರನ್ನೂ ಕೂರಿಸಿಕೊಂಡು ಹೇಳಿದರು. "ಸಾರ್, ಬಟ್ಟೆ ಒಣಗಿಸೋ ದಾರ ಒಂದಡಿ ಕೆಳಗೆ ಕಟ್ಟಿ. ಒದ್ದೆ ಬೆಡ್‌ಶೀಟ್ ನೀವು ಹಿಂಡಿ. ಉಳಿದದ್ದು ಅವರೇ ಹಾಕಲಿ." ರೊಟ್ಟಿ ನಾಲ್ಕು ತಟ್ಟಿ ಸ್ವಲ್ಪ ಬಿಡುವು, ಮತ್ತೆ ನಾಲ್ಕು. ಹಲಗೆಯ ಮುಂದೆ ಗಿಡ್ಡ ಮರದ ಮಣೆ. ಅದರ ಮೇಲೆ ನಿಂತರೆ ತೋಳನ್ನು ಹೊತ್ತುಗಟ್ಟಲೆ ಎತ್ತಿ ಹಿಡಿಯಬೇಕಾಗಿಲ್ಲ. ಡಸ್ಟರ್ ಎಡಗೈಗೆ. ಉತ್ತರಪತ್ರಿಕೆಗಳು ಎರಡು ಕಂತಿನಲ್ಲಿ, ಹುಡುಗರ ಕೈಯಲ್ಲಿ. ಪಾತ್ರೆ ತೊಳೆಯಲು, ಹೂವಿನ ಗಿಡ ನೋಡಲು ಕೈಗವಸು, ಏಕೆಂದರೆ ಇಂಥ ಕೈಗೆ ಸಣ್ಣ ಗೀರಿನಿಂದಲೂ ಸೋಂಕು ತಗಲಬಹುದು. ತೋಳು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಲ್ಲಿಗೆ.

ಇದರಿಂದ ಎಲ್ಲ ನೇರವಾಯಿತೆಂದಲ್ಲ. ಈ ಊತವನ್ನು ಹತೋಟಿಯಲ್ಲಿಡಬಹುದು, ಬೇರುಸಹಿತ ಕೀಳುವುದು ಕಷ್ಟ. ಹಗಲೆಲ್ಲ ಒತ್ತುತೋಳು ತೊಡಬೇಕು. ಅದು ಅಗ್ಗವಲ್ಲ, ಕೆಲವು ತಿಂಗಳಲ್ಲೇ ಬಿಗಿ ಕಳೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದನ್ನು ತೊಟ್ಟು ಪಾಠ ಮಾಡುವುದು ಶಿಕ್ಷೆಯೇ ಸರಿ. "ಕೈಗೇನಾಗಿದೆ ಮೇಡಂ?" ಎಂದು ಎಂಟನೇ ತರಗತಿಯ ಹುಡುಗಿ ಕೇಳಿದ ದಿನ, ಮೇಡಂ ಬಿದ್ದೆ, ಉಳುಕಿತು ಎನ್ನಲಿಲ್ಲ. ಕ್ಯಾನ್ಸರ್ ಎಂಬ ಪದವನ್ನೇ ಹೇಳಿ, ಬಸಿಗಾಲುವೆಯ ಚಿತ್ರ ಬರೆದು ತೋರಿಸಿದರು.

ಬ್ಯಾಂಡೇಜು ಕಟ್ಟುವುದನ್ನು ಮಗಳು ಕಲಿತಿದ್ದಾಳೆ. ಪರೀಕ್ಷೆಯ ಓದಿನ ನಡುವೆ ದಿನಕ್ಕೆ ಇಪ್ಪತ್ತು ನಿಮಿಷ ಹೋಯಿತು, ಅಷ್ಟೇ. ತಾಯಿ ಮುಚ್ಚಿಟ್ಟಿದ್ದು ಆ ಇಪ್ಪತ್ತು ನಿಮಿಷಕ್ಕಾಗಿ! ಭಾನುವಾರಕ್ಕೊಮ್ಮೆ ಎರಡೂ ಕೈಗಳ ಸುತ್ತಳತೆ ತೆಗೆದು ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದವಳೂ ಅವಳೇ. ಅವಳು ಹಾಸ್ಟೆಲಿಗೆ ಹೋದ ಮೇಲೆ ಟೇಪು ಅಪ್ಪನ ಕೈಗೆ ಬಂದಿದೆ. ಮೊದಲ ವಾರ ಅವರು ಸೆಂಟಿಮೀಟರ್ ಬಿಟ್ಟು ಇಂಚಿನ ಕಡೆಯಿಂದ ಓದಿ, ಕೈ ಅರ್ಧಕ್ಕರ್ಧ ಇಳಿದಿದೆಯೆಂದು ಸಂಭ್ರಮದಿಂದ ಮಗಳಿಗೆ ಫೋನು ಮಾಡಿದ್ದರು.