ಬಳ್ಳಿಯ ಅಪ್ಪುಗೆ

ಬಸವಪ್ಪ ಶಾಸ್ತ್ರಿಗಳ ಶಾಕುಂತಲವನ್ನು ಪಾಠ ಹೇಳುವಾಗಲೆಲ್ಲ, ಮಾಮರವನ್ನು ತಾನೇ ವರಿಸಿದ ವನಜ್ಯೋತ್ಸ್ನೆಯ ಬಳಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಆ ಉತ್ಸಾಹದಲ್ಲೇ ಒಮ್ಮೆ ಹಿತ್ತಿಲಿನಲ್ಲಿ ಅಮ್ಮನ ಕೆಂಪು ದಾಸವಾಳದ ಬುಡಕ್ಕೆ ರಂಗೂನ್ ಬಳ್ಳಿಯನ್ನು ನೆಟ್ಟೆ. ಅದರ ಹೂವು ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗುತ್ತದೆ. ಇರುಳಿಗೆ ಕಂಪು ಬೇರೆ. ಎರಡು ಮಳೆಗಾಲದಲ್ಲಿ ಬಳ್ಳಿ ಸೂರು ಮುಟ್ಟಿತು. ಬಂದವರೆಲ್ಲ ಹೊಗಳಿದರು. ಅಮ್ಮ ಮಾತ್ರ ಬಳ್ಳಿಯೊಳಗೆ ಕೈ ತೂರಿಸಿ, ಬರಿಯ ಬುಟ್ಟಿಯೊಂದಿಗೆ ಹಿಂತಿರುಗುತ್ತಿದ್ದಳು. ಬಿಸಿಲು ಕಾಣದ ದಾಸವಾಳ ಮೊಗ್ಗು ಬಿಡುವುದನ್ನೇ ಮರೆತಿತ್ತು.

ಅಪ್ಪ ತೀರಿಕೊಂಡ ಮೇಲೆ ಹಳ್ಳಿಯ ಮನೆಯಿಂದ ಅವಳು ಆಸೆಪಟ್ಟು ತಂದದ್ದು ಆ ದಾಸವಾಳದ ಕಡ್ಡಿಯೊಂದನ್ನೇ. ಬಂದವಳನ್ನು ನಾನು ಕೊಡ ಎತ್ತಗೊಡಲಿಲ್ಲ, ಒಲೆಯ ಬಳಿ ಸುಳಿಯಗೊಡಲಿಲ್ಲ, ಒಬ್ಬಳೇ ಗುಡಿಗೆ ಹೋಗಗೊಡಲಿಲ್ಲ. ಇದೆಲ್ಲ ಪ್ರೀತಿಯೆಂದೇ ತಿಳಿದಿದ್ದೆ.

ಒಂದು ದಿನ ಅಮ್ಮ ಅಂದಳು: “ತಬ್ಬಿಕೊಂಡರೆ ಸಾಕೇನಪ್ಪಾ? ಉಸಿರಾಡೋಕೆ ಜಾಗ ಬೇಡವೆ?”

ಅದು ಗಿಡದ ಮಾತೋ, ಅವಳದೇ ಮಾತೋ, ನಾನು ಕೇಳಲಿಲ್ಲ.

ಆ ಭಾನುವಾರವೇ ಬಳ್ಳಿಯ ಬುಡ ಕಡಿದು, ಅದರ ಕಡ್ಡಿಯೊಂದನ್ನು ಗೇಟಿನ ಕಮಾನಿನ ಬಳಿ ಊರಿದೆ. ದಾಸವಾಳ ಮೆಲ್ಲಗೆ ಚಿಗುರಿತು. ಅದಕ್ಕೀಗ ಶಂಖಪುಷ್ಪದ ಜೊತೆ. ತೆಳುವಾದ ಬಳ್ಳಿ, ಬೆಳಕನ್ನು ಕಸಿಯದು. ಅವರೆಯ ಬಳಗದ್ದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನೂ ಕೂಡಿಸುತ್ತದೆ. ಕೆಂಪಿನ ನಡುವೆ ನೀಲಿ ಚೆನ್ನಾಗಿಯೇ ಒಪ್ಪಿದೆ.

ಬೆಳಿಗ್ಗೆ ಅಮ್ಮ ಬುಟ್ಟಿ ತುಂಬ ಹೂ ಕೊಯ್ದು ಒಬ್ಬಳೇ ಗುಡಿಗೆ ಹೊರಡುತ್ತಾಳೆ. ನಾನು ಬಾಗಿಲಲ್ಲಿ ನಿಂತು, “ಜೋಪಾನ” ಎನ್ನಲು ಬಾಯಿ ತೆರೆದು, ಸುಮ್ಮನಾಗುತ್ತೇನೆ.